ಜೂನ್ ತಿಂಗಳ ಕಂತು: ಮಂಡಕ್ಕಿ ಭಟ್ಟಿಯ ಒಂದು ಸುಸ್ತಿ ಸಾಲ

ದಾವಣಗೆರೆಯ ಒಂದು ಪತ್ತಿನ ಸಹಕಾರ ಸಂಘದ ಸುಸ್ತಿ ಪಟ್ಟಿಯಲ್ಲಿದ್ದ, ಅಂದರೆ ಗಡುವು ಮೀರಿ ಬಾಕಿ ಬಿದ್ದ, ಸಾಲವೊಂದರ ಪೂರ್ತಿ ಕಥೆ ಇದು. ಸಂಘ, ಸಾಲಗಾರರು, ಜಾಮೀನುದಾರರು ಯಾರೆಂದು ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ. ಮೊತ್ತಗಳೂ ಮೂಲದವಲ್ಲ, ಆದರೆ ಸಾಲಕ್ಕೂ ಕಂತಿಗೂ ದುಡಿಮೆಗೂ ಇದ್ದ ಪ್ರಮಾಣ ಹಾಗೆಯೇ ಇದೆ. ಸಾಲಗಾರರನ್ನು ‘ಸದಸ್ಯರು’ ಎಂದಷ್ಟೇ ಕರೆದಿದೆ. ಕಂತು ಕಟ್ಟದವನನ್ನು ಸೋಮಾರಿ ಅಥವಾ ಮೋಸಗಾರ ಎಂದು ತೀರ್ಮಾನಿಸುವುದು ಸಂಘಗಳಲ್ಲಿ ರೂಢಿ. ಈ ಸಾಲ ಸುಸ್ತಿಯಾಗುವುದು ಕಂತಿನ ಪಟ್ಟಿ ಬರೆದ ದಿನವೇ ಖಚಿತವಾಗಿತ್ತು. ಪುಸ್ತಕದಲ್ಲಿ ಅದು ಕಾಣಿಸಿಕೊಂಡದ್ದು ಮಾತ್ರ ನಾಲ್ಕು ತಿಂಗಳ ಮೇಲೆ.

ಭಟ್ಟಿಯ ಲೆಕ್ಕ

ಸದಸ್ಯರದ್ದು ಒಂದೇ ಒಲೆಯ ಚಿಕ್ಕ ಮಂಡಕ್ಕಿ ಭಟ್ಟಿ. ಗಂಡ, ಹೆಂಡತಿ, ಇಬ್ಬರು ಕೂಲಿಯವರು. ಭತ್ತ ನೆನೆಸಿ, ಬೇಯಿಸಿ, ಕಣದಲ್ಲಿ ಒಣಗಿಸಿ, ಮಿಲ್ಲಿನಲ್ಲಿ ಹೊಟ್ಟು ತೆಗೆಸಿ, ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದರೆ ಮಂಡಕ್ಕಿ. ಇಷ್ಟು ಕೆಲಸದಲ್ಲಿ ಬಿಸಿಲಿಲ್ಲದೆ ನಡೆಯದ್ದು ಒಂದೇ, ಒಣಗಿಸುವುದು. ಒಳಗೆ ಹಸಿ ಉಳಿದ ಭತ್ತ ಮಿಲ್ಲಿನಲ್ಲಿ ನುಚ್ಚಾಗುತ್ತದೆ. ನುಚ್ಚಾಗದೆ ಉಳಿದ ಅಕ್ಕಿಯೂ ಮರಳಿನಲ್ಲಿ ಸರಿಯಾಗಿ ಅರಳುವುದಿಲ್ಲ. ಎರಡು ದಿನ ಮೋಡ ಕವಿದರೆ ಬೇಯಿಸಿದ ಭತ್ತಕ್ಕೆ ಮುಗ್ಗಲು ವಾಸನೆ. ಹುರಿದದ್ದೂ ಥಂಡಿಗೆ ಮೆತ್ತಗಾಗುತ್ತದೆ, ವ್ಯಾಪಾರಿ ಚೀಲಕ್ಕೆ ದರ ಇಳಿಸುತ್ತಾನೆ.

ಭಟ್ಟಿಗೆ ದಿನಕ್ಕೆ ಎರಡು ಕ್ವಿಂಟಲ್ ಭತ್ತ ಬೇಕು. ಭತ್ತ, ಕೂಲಿ, ಉರುವಲು, ಮಿಲ್ಲಿನ ಖರ್ಚು ಕಳೆದು ಭಟ್ಟಿ ಉರಿದ ದಿನ 1,300 ರೂಪಾಯಿ ಉಳಿಯುತ್ತಿತ್ತು. ಒಣ ತಿಂಗಳಲ್ಲಿ 24 ದಿನ ಕೆಲಸ, ಅಂದರೆ 31,200. ಮನೆ ಖರ್ಚು 14,000 ಹೋದರೆ ಕೈಯಲ್ಲಿ 17,200. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ ಹತ್ತು ದಿನ ಒಲೆ ಹೊತ್ತಿದರೆ ಹೆಚ್ಚು. ಆಗ ಬರುವುದು 13,000, ಮನೆ ಖರ್ಚಿಗೇ ಸಾವಿರ ಕಡಿಮೆ. ಎಂಟು ಒಣ ತಿಂಗಳಿಗೆ 1,37,600 ಉಳಿಕೆ, ನಾಲ್ಕು ಮಳೆ ತಿಂಗಳಿಗೆ 4,000 ಕೊರತೆ. ವರ್ಷಕ್ಕೆ ನಿಕ್ಕಿ 1,33,600. ಈ ಲೆಕ್ಕ ಸಾಲ ಕೊಡುವಾಗ ಯಾರ ಬಳಿಯೂ ಇರಲಿಲ್ಲ. ಮಾಡಿದ್ದು ಒಂದು ವರ್ಷದ ನಂತರ.

ಸಾಲ ಮಂಜೂರಾದದ್ದು ಹೀಗೆ

ಮುಂಗಾರಿನ ಭತ್ತ ಮಾರುಕಟ್ಟೆಗೆ ಬಂದ ಮೇಲೆ, ಜನವರಿಯಲ್ಲಿ, ಸದಸ್ಯರು 3 ಲಕ್ಷಕ್ಕೆ ಅರ್ಜಿ ಹಾಕಿದರು. 80 ಕ್ವಿಂಟಲ್ ಭತ್ತಕ್ಕೆ 2,200ರ ದರದಲ್ಲಿ 1,76,000, ಸಿಮೆಂಟ್ ಕಣ ಮತ್ತು ಶೆಡ್ಡಿಗೆ 90,000, ಕೈಖರ್ಚಿಗೆ 34,000. ಅರ್ಜಿಯಲ್ಲಿದ್ದ ಈ ಅಂದಾಜು ಪ್ರಾಮಾಣಿಕವಾಗಿಯೇ ಇತ್ತು. ಸಂಘದ ಸಿಬ್ಬಂದಿ ಭಟ್ಟಿ ನೋಡಲು ಹೋದದ್ದೂ ಜನವರಿಯಲ್ಲಿ, ಕಣದ ತುಂಬ ಭತ್ತ ಹರಡಿರುವಾಗ. ತಿಂಗಳಿಗೆ 17,000 ಉಳಿಯುತ್ತದೆ ಎಂದು ವರದಿ ಬರೆದರು. ಜನವರಿಯ ಮಟ್ಟಿಗೆ ಅದು ನಿಜವೇ ಆಗಿತ್ತು.

ಶೇ. 14ರ ಬಡ್ಡಿ, 36 ಸಮಾನ ಕಂತು, ತಿಂಗಳಿಗೆ 10,253, ಪ್ರತಿ ತಿಂಗಳ 10ಕ್ಕೆ ಗಡುವು. ವರ್ಷಕ್ಕೆ ಕಟ್ಟಬೇಕಾದದ್ದು 1,23,036. ಮೇಲಿನ 1,33,600ರ ಪಕ್ಕ ಇಟ್ಟು ನೋಡಿ: ವರ್ಷದ ಲೆಕ್ಕದಲ್ಲಿ ಈ ಸಾಲ ಹೇಗೋ ದಡ ಸೇರುತ್ತಿತ್ತು, ತಿಂಗಳ ಲೆಕ್ಕದಲ್ಲಿ ಸೇರುವಂತಿರಲಿಲ್ಲ. ಹಳ್ಳಿಯ ಕೃಷಿ ಪತ್ತಿನ ಸಂಘ ಬೆಳೆ ಸಾಲದ ಗಡುವನ್ನು ಸುಗ್ಗಿ ನೋಡಿ ಇಡುತ್ತದೆ. ಪೇಟೆಯ ಪತ್ತಿನ ಸಂಘಗಳು ಸಂಬಳದಾರರಿಗೆ ಹೊಲಿದ ಅಂಗಿಯನ್ನೇ ಭಟ್ಟಿಯವರಿಗೂ ತೊಡಿಸುತ್ತವೆ. ಸಂಘದ ಸಾಫ್ಟ್‌ವೇರಿನಲ್ಲಿ ಸಮಾನ ಮಾಸಿಕ ಕಂತು ಬಿಟ್ಟು ಬೇರೆ ನಮೂನೆಯೇ ಇರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಎರಡನೇ ಎಡವಟ್ಟು ಹಣ ಕೈಗೆ ಬಂದ ದಿನವೇ ಆಯಿತು. 3 ಲಕ್ಷದಲ್ಲಿ ಷೇರು ಹಣ ಶೇ. 5ರಂತೆ 15,000, ಸೇವಾ ಶುಲ್ಕ 3,000, ಹಳೆಯ ಸಾಲದ ಬಾಕಿ 62,000 ಮುರಿದುಕೊಂಡು ಕೊಟ್ಟದ್ದು 2,20,000. ಆದರೆ ಬೇಕಿದ್ದದ್ದು ಪೂರ್ತಿ 3 ಲಕ್ಷ. ಕೊರತೆ ಬಿದ್ದ 80,000ವನ್ನು ಸದಸ್ಯರು ಅದೇ ವಾರ ಹೊರಗೆ ಹೊಂದಿಸಿದರು. ಹೆಂಡತಿಯ ಹೆಸರಿನಲ್ಲಿ ಕಿರುಸಾಲ ಕಂಪನಿಯಿಂದ 35,000, ವಾರಕ್ಕೆ 760ರಂತೆ 52 ವಾರ. ದಿನದ ಲೆಕ್ಕದವನಿಂದ 50,000: ಮೊದಲೇ 5,000 ಹಿಡಿದು 45,000 ಕೊಡುತ್ತಾನೆ, ದಿನಕ್ಕೆ 500ರಂತೆ ನೂರು ದಿನ ವಸೂಲಿ. ಐದು ಸಾವಿರ ತಾನೇ ಎನಿಸುತ್ತದೆ. ಆದರೆ ದಿನದಿನವೂ ತೀರುತ್ತ ಹೋಗುವ ಸಾಲದಲ್ಲಿ ಸರಾಸರಿ ಕೈಯಲ್ಲಿ ಉಳಿಯುವುದು 22–23 ಸಾವಿರ ಮಾತ್ರ. ನೂರು ದಿನಕ್ಕೆ ಅದರ ಮೇಲೆ ಐದು ಸಾವಿರ ಎಂದರೆ ವರ್ಷದ ಬಡ್ಡಿ ಶೇ. 80ರ ಹತ್ತಿರ.

ಈ ಎರಡೂ ಸಾಲ ಸಂಘಕ್ಕೆ ಕಾಣಲಿಲ್ಲ. ಸಂಘವು ಯಾವುದೇ ಕ್ರೆಡಿಟ್ ಮಾಹಿತಿ ಕಂಪನಿಯ ಸದಸ್ಯನಲ್ಲ. ಸಿಬಿಲ್ ವರದಿ ತೆಗೆಸುವ ರೂಢಿಯೂ ಇಲ್ಲ. ತೆಗೆಸಿದ್ದರೂ ದಿನದ ಲೆಕ್ಕದವನ ಪುಸ್ತಕ ಅದರಲ್ಲಿ ಇರುತ್ತಿರಲಿಲ್ಲ. ಅಲ್ಲದೆ ಅವು ಹುಟ್ಟಿದ್ದು ಮಂಜೂರಾತಿಯ ನಂತರ, ಸಂಘದ ಕಡಿತದಿಂದಲೇ.

ಮೊದಲ ಮೂರು ಕಂತು

ಫೆಬ್ರವರಿ, ಮಾರ್ಚ್, ಏಪ್ರಿಲ್ ಮೂರೂ ಕಂತು ಗಡುವಿನೊಳಗೆ ಬಂದವು. ‘ಒಳ್ಳೆಯ ಪಾರ್ಟಿ’ ಎಂದು ಗುಮಾಸ್ತರು ನಂಬಿದರು. ಆ ತಿಂಗಳುಗಳಲ್ಲಿ ಹೊರಗೆ ಹೋಗಬೇಕಿದ್ದದ್ದು ಸಂಘಕ್ಕೆ 10,253, ದಿನದ ಲೆಕ್ಕಕ್ಕೆ 15,000, ವಾರದ ಕಂತಿಗೆ ಸುಮಾರು 3,300; ಒಟ್ಟು 28,500ರ ಮೇಲೆ. ಉಳಿಕೆ 17,200. ತಿಂಗಳಿಗೆ 11,000ಕ್ಕೂ ಮೀರಿದ ವ್ಯತ್ಯಾಸ ತುಂಬಿದ್ದು ಭತ್ತ. ಮಂಡಕ್ಕಿ ಮಾರಿದ ದುಡ್ಡಿನಲ್ಲಿ ಮತ್ತೆ ಭತ್ತ ಕೊಳ್ಳುವ ಬದಲು ಕಂತು ಕಟ್ಟಿದರು. ಮೂರು ತಿಂಗಳಲ್ಲಿ 34,000, ಅಂದರೆ ಹದಿನೈದು ಕ್ವಿಂಟಲ್ ಭತ್ತ, ಒಂದು ವಾರಕ್ಕೂ ಮಿಕ್ಕಿದ ಮಾಲು ಕರಗಿತು. ಮೇ ತಿಂಗಳಲ್ಲಿ ಬಿಸಿಲಿತ್ತು, ಹುರಿಯಲು ಮಾಲು ಇರಲಿಲ್ಲ. ಆ ತಿಂಗಳು ಕಟ್ಟಿದ್ದು 5,000.

ಸಾಲ ಕೊಡುವವರು ಹೆಚ್ಚು ನೋಡಬೇಕಾದದ್ದು ಇಂಥ ‘ಸರಿಯಾಗಿ ಬರುತ್ತಿರುವ’ ಕಂತುಗಳನ್ನೇ. ಲಾಭದಿಂದ ಕಟ್ಟಿದ ಕಂತಿಗೂ ಬಂಡವಾಳದಿಂದ ಕಟ್ಟಿದ ಕಂತಿಗೂ ರಸೀದಿಯಲ್ಲಿ ವ್ಯತ್ಯಾಸ ಇರುವುದಿಲ್ಲ. ಮಾರ್ಚ್‌ನಲ್ಲಿ ಯಾರಾದರೂ ಭಟ್ಟಿಗೆ ಹೋಗಿ ಭತ್ತದ ಚೀಲ ಎಣಿಸಿದ್ದರೆ ಗೊತ್ತಾಗುತ್ತಿತ್ತು.

ಜೂನ್‌ನಿಂದ ನಾಲ್ಕು ತಿಂಗಳು ಒಂದು ಪೈಸೆಯೂ ಬರಲಿಲ್ಲ.

ಸಂಘ ಮಾಡಿದ್ದು

ಜೂನ್‌ನಲ್ಲಿ ಫೋನ್, ಜುಲೈನಲ್ಲಿ ಮೊದಲ ನೋಟಿಸ್, ಆಗಸ್ಟ್‌ನಲ್ಲಿ ಜಾಮೀನುದಾರರಿಗೂ ನೋಟಿಸ್. ಮೂರನೇ ಸಲಕ್ಕೆ ಸದಸ್ಯರು ಫೋನ್ ಎತ್ತುವುದನ್ನೇ ಬಿಟ್ಟರು. ಇದನ್ನು ‘ತಲೆ ತಪ್ಪಿಸಿಕೊಳ್ಳುವುದು’ ಎಂದು ಕಡತದಲ್ಲಿ ಬರೆದರು. ಅದೇ ದಿನಗಳಲ್ಲಿ ಕಿರುಸಾಲದ ವಾರದ ಕಂತು ಒಂದೂ ತಪ್ಪಿರಲಿಲ್ಲ. ವಾರ ವಾರ ಮನೆ ಬಾಗಿಲಿಗೆ ಬಂದು ಕೂರುವವರಿಗೆ ಮೊದಲು ಹಣ ಹೋಗುತ್ತದೆ, ಅಂಚೆಯಲ್ಲಿ ಕಾಗದ ಕಳಿಸುವವರಿಗೆ ಕೊನೆಗೆ. ಸಂಘದ ಬಡ್ಡಿ ಎಲ್ಲರಿಗಿಂತ ಕಡಿಮೆ, ಸಂಘ ‘ನಮ್ಮದೇ’, ಗೌರವವೂ ಇದೆ; ಅದಕ್ಕೇ ಅದು ಸರದಿಯಲ್ಲಿ ಕೊನೆಯದಾಗುತ್ತದೆ.

ದೊಡ್ಡ ತಪ್ಪು ಆಗಸ್ಟ್‌ನಲ್ಲಿ ಆಯಿತು. ಮೊದಲ ಜಾಮೀನುದಾರರೂ ಭಟ್ಟಿಯವರೇ, ಪಕ್ಕದ ಸಾಲಿನವರು. ಇವರ ಸಾಲಕ್ಕೆ ಅವರು, ಅವರ ಸಾಲಕ್ಕೆ ಇವರು ಸಹಿ ಹಾಕಿದ್ದರು. ಒಂದೇ ಮಳೆಗೆ ಇಬ್ಬರ ಕಣವೂ ಒದ್ದೆ. ಸಂಘ ಆ ಜಾಮೀನುದಾರರ ಪಿಗ್ಮಿ ಖಾತೆಯಲ್ಲಿದ್ದ (ಏಜೆಂಟರು ದಿನವೂ ಬಂದು ಪಡೆಯುವ ಸಣ್ಣ ಉಳಿತಾಯ) 38,000ವನ್ನು ತಡೆಹಿಡಿಯಿತು. ಅದು ಅವರು ಮಳೆಗಾಲಕ್ಕೆಂದೇ ಕೂಡಿಟ್ಟ ಹಣ. ಮರುದಿನದಿಂದಲೇ ಅವರು ಪಿಗ್ಮಿ ಏಜೆಂಟರನ್ನು ವಾಪಸ್ ಕಳಿಸಿದರು. ಅದುವರೆಗೆ ಸರಿಯಾಗಿದ್ದ ಅವರ ಸಾಲವೂ ನವೆಂಬರ್‌ನಲ್ಲಿ ಸುಸ್ತಿಗೆ ಬಿತ್ತು. ಸುದ್ದಿ ಸಾಲು ಭಟ್ಟಿಗಳಲ್ಲಿ ಹರಡಿ ಇನ್ನೂ ನಾಲ್ಕು ಮನೆಯವರು ಪಿಗ್ಮಿ ನಿಲ್ಲಿಸಿದರು. ಒಂದು ಸುಸ್ತಿಯನ್ನು ವಸೂಲು ಮಾಡಲು ಹೋಗಿ ಸಂಘ ಎರಡು ಮಾಡಿಕೊಂಡಿತು, ಠೇವಣಿಯನ್ನೂ ಕಳೆದುಕೊಂಡಿತು.

ಅಕ್ಟೋಬರ್ 10ಕ್ಕೆ ಸದಸ್ಯರು ತಾವಾಗಿಯೇ 12,000 ತಂದರು. ಕೌಂಟರಿನಲ್ಲಿ ಜಮಾ ಆದದ್ದು ಹೀಗೆ: ನೋಟಿಸ್ ಖರ್ಚು 450, ಸುಸ್ತಿ ಬಡ್ಡಿ 215, ಉಳಿದ 11,335 ಬಡ್ಡಿಗೆ. ಐದು ತಿಂಗಳ ಬಡ್ಡಿಯೇ 16,203 ಇತ್ತು, ಹಾಗಾಗಿ ಅಸಲಿಗೆ ಸೊನ್ನೆ. ಅಸಲು 2,77,765 ಇದ್ದದ್ದು ಅಷ್ಟೇ ಇದೆ ಎಂದು ರಸೀದಿ ತೋರಿಸಿತು. ಖರ್ಚು, ಬಡ್ಡಿ, ಅಸಲು ಎಂಬ ಈ ಕ್ರಮ ಸಾಮಾನ್ಯವಾಗಿ ಇರುವುದೇ. ಅದನ್ನು ಯಾರೂ ಬಿಡಿಸಿ ಹೇಳಲಿಲ್ಲ. ‘ಹನ್ನೆರಡು ಸಾವಿರ ಸುಸ್ತಿ ಬಡ್ಡಿಗೇ ನುಂಗಿದ್ರು’ ಎಂದು ಸದಸ್ಯರು ನಂಬಿದರು. ನಿಜವಾಗಿ ಸುಸ್ತಿ ಬಡ್ಡಿ ಇನ್ನೂರ ಹದಿನೈದೇ ರೂಪಾಯಿ. ಕಂತಿನ ಬಾಕಿಯ ಮೇಲೆ ಮಾತ್ರ ಶೇ. 2 ಹೆಚ್ಚುವರಿ ಎಂದರೆ ಬೆಳೆಯುವುದೇ ಅಷ್ಟು. ನವೆಂಬರ್‌ನಿಂದ ಅವರು ಬರಲಿಲ್ಲ. ಬಂಡವಾಳವಿಲ್ಲದೆ ಹೊಸ ಭತ್ತಕ್ಕೆ ಮತ್ತೆ ದಿನದ ಲೆಕ್ಕದವನ ಬಳಿ ಹೋದರು. ಅದು ತೀರಿದ ಕೂಡಲೇ ಫೆಬ್ರವರಿಯಲ್ಲಿ ಮೂರನೇ ಸಲ.

ಮಾರ್ಚ್‌ನ ಸಭೆ

ಮಾರ್ಚ್ 10ಕ್ಕೆ ಬಾಕಿ: ಅಸಲು 2,77,765, ಬಡ್ಡಿ 21,071, ಸುಸ್ತಿ ಬಡ್ಡಿ 547, ಒಟ್ಟು 2,99,383. ಹದಿನಾಲ್ಕು ತಿಂಗಳಲ್ಲಿ 47,759 ಕಟ್ಟಿಯೂ ಸಾಲ ಹೊರಟ ಜಾಗಕ್ಕೇ ಬಂದು ನಿಂತಿತ್ತು. ಆಡಳಿತ ಮಂಡಳಿಯ ಮುಂದೆ ಮೂರು ದಾರಿ ಇದ್ದವು.

ಕಾರ್ಯದರ್ಶಿ ಬಯಸಿದ್ದು ನವೀಕರಣ. ಮೂರೂವರೆ ಲಕ್ಷದ ಹೊಸ ಸಾಲ ಬರೆದು ಹಳೆಯದನ್ನು ಮುರಿದುಕೊಂಡರೆ ಮಾರ್ಚ್ 31ಕ್ಕೆ ಪುಸ್ತಕ ಶುದ್ಧ, ಅನುತ್ಪಾದಕ ಆಸ್ತಿಯ (90 ದಿನ ಮೀರಿ ಬಾಕಿ ಉಳಿದ ಸಾಲಗಳ) ಪಟ್ಟಿ ಚಿಕ್ಕದು, ಸದಸ್ಯರ ಕೈಗೂ ನಲವತ್ತೈದು ಸಾವಿರದಷ್ಟು ಬರುತ್ತದೆ. ಸದಸ್ಯರೂ ಒಪ್ಪಿ ಕೂತಿದ್ದರು. ಹೊಸ ಕಂತು 11,962. ಹಳೆಯ ಕಂತೇ ಕಟ್ಟಲಾಗದವರು ಅದಕ್ಕಿಂತ 1,700 ಹೆಚ್ಚಿನ ಕಂತು ಹೇಗೆ ಕಟ್ಟುತ್ತಾರೆ ಎಂಬ ಪ್ರಶ್ನೆ ಸಭೆಯ ಟಿಪ್ಪಣಿಯಲ್ಲೇ ಇರಲಿಲ್ಲ. ಮಾರ್ಚ್ ಕೊನೆಯ ವಾರದಲ್ಲಿ ಹೀಗೆ ಹುಟ್ಟುವ ಸಾಲಗಳು ಮುಂದಿನ ಮಾರ್ಚ್‌ಗೆ ದಪ್ಪಗಾಗಿ ಬರುತ್ತವೆ. ಎರಡನೆಯದು, 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಕಲಂ 70ರಡಿ ಸಹಾಯಕ ನಿಬಂಧಕರ ಮುಂದೆ ದಾವೆ ಹೂಡಿ, ತೀರ್ಪು ಪಡೆದು, ಕಲಂ 101ರಡಿ ಅಮಲ್ಜಾರಿ, ಅಂದರೆ ತೀರ್ಪಿನ ಬಲದಲ್ಲಿ ಸ್ವತ್ತು ಜಪ್ತಿ. ಮಾಡಿದರೆ ಕೈಗೆ ಸಿಗುವುದು ಒಂದು ಒಲೆ, ಹಳೆಯ ಬಾಣಲೆ, ಬಾಡಿಗೆ ಜಾಗದ ಮೇಲಿನ ಶೆಡ್ಡು. ಭಟ್ಟಿ ನಿಂತರೆ ಸಾಲ ತೀರಿಸುವ ಒಂದೇ ಒಂದು ಮೂಲವೂ ನಿಲ್ಲುತ್ತದೆ. ಕಟ್ಟುವ ಶಕ್ತಿ ಇದ್ದೂ ಕಟ್ಟದವರಿಗೆ ಈ ದಾರಿ ಸರಿ, ಹಿಂಜರಿಯಲೂಬಾರದು.

ಆಗ ಒಬ್ಬ ನಿರ್ದೇಶಕರು ಸದಸ್ಯರನ್ನು ಒಳಗೆ ಕರೆಸಿ ಕೇಳಿದರು, “ಹೊಸ ಸಾಲ ಕೊಟ್ರೆ ಜೂನ್‌ನಾಗ ಎಲ್ಲಿಂದ ಕಟ್ತೀರಿ?” ಉತ್ತರ ಬರಲು ಸ್ವಲ್ಪ ಹೊತ್ತಾಯಿತು. “ಜೂನ್‌ನಾಗ ಕಟ್ಟಾಕ ಆಗಂಗಿಲ್ರಿ. ಹೋದ ಸಲಾನೂ ಯಾರೂ ಅದನ್ನ ಕೇಳ್ಲಿಲ್ರಿ.” ನವೀಕರಣದ ಟಿಪ್ಪಣಿಯನ್ನು ಅಂದು ಬದಿಗಿಟ್ಟರು.

ಹೊಸ ಪಟ್ಟಿ

ಉಳಿದದ್ದು ಮೂರನೆಯ ದಾರಿ, ಕಂತಿನ ಪಟ್ಟಿಯನ್ನೇ ಹೊಸದಾಗಿ ಬರೆಯುವುದು. ಇಬ್ಬರು ನಿರ್ದೇಶಕರು ಮತ್ತು ಒಬ್ಬ ಗುಮಾಸ್ತ ಭಟ್ಟಿಗೆ ಹೋಗಿ ಎರಡು ಸಂಜೆ ಕೂತರು. ಭತ್ತ ಕೊಂಡ ಚೀಟಿ, ವ್ಯಾಪಾರಿಗೆ ಚೀಲ ಕಳಿಸಿದ ಚೀಟಿಗಳಿಂದ ತಿಂಗಳುವಾರು ಭಟ್ಟಿ ಉರಿದ ದಿನಗಳನ್ನು ಎಣಿಸಿದರು. ಸದಸ್ಯರು ಬಾಯಲ್ಲಿ ಹೇಳಿದ್ದು ತಿಂಗಳಿಗೆ 26 ದಿನ, ಚೀಟಿ ಹೇಳಿದ್ದು 24. ಬೇರೆ ಸಾಲಗಳ ಬಗ್ಗೆ ಗಂಡನನ್ನು ಕೇಳಿದಾಗ ‘ಇಲ್ಲ’ ಎಂದಿದ್ದರು. ಹೆಂಡತಿಯನ್ನು ‘ವಾರಕ್ಕೆ ಯಾವ್ಯಾವ ದಿನ ಯಾರ್ಯಾರು ಬರ್ತಾರಮ್ಮ?’ ಎಂದು ಕೇಳಿದಾಗ ಎಲ್ಲವೂ ಹೊರಬಂತು. ‘ಸಾಲ ಇದೆಯೇ’ ಎಂದು ಕೇಳುವುದಕ್ಕಿಂತ ಈ ಪ್ರಶ್ನೆ ಯಾವಾಗಲೂ ಒಳ್ಳೆಯದು. ವಾರದ ಕಂತು ಜನವರಿಗೇ ಮುಗಿದಿತ್ತು. ದಿನದ ಲೆಕ್ಕದಲ್ಲಿ ಇನ್ನೂ 75 ದಿನ, 37,500 ಬಾಕಿ.

ಮಂಡಳಿ ಅಂಗೀಕರಿಸಿದ್ದು ಇದು. ಅಸಲು 2,77,765 ಅಷ್ಟೇ ಇರಲಿ, ಅವಧಿ 60 ತಿಂಗಳು. ಬಾಕಿ ಬಡ್ಡಿ 21,071 ಬೇರೆ ಶೀರ್ಷಿಕೆಯಲ್ಲಿ, ಅದರ ಮೇಲೆ ಬಡ್ಡಿ ಇಲ್ಲ, ಕೊನೆಯ ವರ್ಷ ಕಟ್ಟುವುದು. ಸುಸ್ತಿ ಬಡ್ಡಿ 547 ಮನ್ನಾ. ಗಡುವು ತಿಂಗಳ ಕೊನೆಯ ದಿನಕ್ಕೆ ಬದಲು. ಅಕ್ಟೋಬರ್‌ನಿಂದ ಮೇ ತನಕ ತಿಂಗಳಿಗೆ 9,000 ಕಂತು. ಜೂನ್‌ನಿಂದ ಸೆಪ್ಟೆಂಬರ್ ಬಡ್ಡಿ ಮಾತ್ರ. ಭಟ್ಟಿ ಉರಿದ ದಿನ ಪಿಗ್ಮಿ ಏಜೆಂಟರು 500 ಪಡೆಯಬೇಕು, ತಿಂಗಳಿಗೆ 12,000. ಅದರಲ್ಲಿ 9,000 ಕಂತಿಗೆ ವರ್ಗ, 3,000 ಪಿಗ್ಮಿಯಲ್ಲೇ ಉಳಿದು ಮಳೆಗಾಲದ ಬಡ್ಡಿಗೆ. ವರ್ಗಾವಣೆಗೆ ಸದಸ್ಯರಿಂದ ಲಿಖಿತ ಒಪ್ಪಿಗೆ ಪಡೆದರು. ಅದಿಲ್ಲದೆ ಪಿಗ್ಮಿ ಹಣ ಮುಟ್ಟಿದರೆ ಆಗಸ್ಟ್‌ನ ರಗಳೆಯೇ ಮತ್ತೆ. ದಿನಕ್ಕೆ 500 ಎಂಬ ಮೊತ್ತವನ್ನು ಬೇಕೆಂದೇ ಇಟ್ಟದ್ದು. ದಿನದ ಲೆಕ್ಕದವನಿಗೆ ಕೊಟ್ಟು ಕೈಗೆ ರೂಢಿಯಾದ ಮೊತ್ತ ಅದು.

ಜಾಮೀನುದಾರರಿಬ್ಬರಿಂದಲೂ ಹೊಸ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿದರು. ಹಲವು ಸಂಘಗಳು ಮರೆಯುವ ಕೆಲಸ ಇದು. 1872ರ ಕರಾರು ಕಾಯ್ದೆಯ ಕಲಂ 133 ಮತ್ತು 135ರ ಪ್ರಕಾರ ಜಾಮೀನುದಾರನ ಒಪ್ಪಿಗೆ ಇಲ್ಲದೆ ಕರಾರಿನ ಷರತ್ತು ಬದಲಿಸಿದರೆ ಅಥವಾ ಸಾಲಗಾರನಿಗೆ ಕಾಲಾವಕಾಶ ಕೊಡುವ ಒಪ್ಪಂದ ಮಾಡಿಕೊಂಡರೆ ಜಾಮೀನುದಾರ ಬಿಡುಗಡೆಯಾಗಿಬಿಡಬಹುದು. ಮೊದಲ ಜಾಮೀನುದಾರರ 38,000 ಪಿಗ್ಮಿಯ ತಡೆಯನ್ನು ಅದೇ ದಿನ ತೆಗೆದರು. ಸಾಲವನ್ನು ಅನುತ್ಪಾದಕ ಪಟ್ಟಿಯಿಂದ ತೆಗೆಯಲಿಲ್ಲ. ಕಂತು ಬದಲಿಸಿದ ಮಾತ್ರಕ್ಕೆ ಸಾಲ ಗುಣವಾಗುವುದಿಲ್ಲ, ಅದಕ್ಕೆ ಅವಕಾಶ ನಿಧಿ (ಸಾಲ ಬಾರದೆ ಹೋದರೆ ಎಂದು ಲಾಭದಲ್ಲಿ ತೆಗೆದಿಡುವ ಹಣ) ಇಡಲೇಬೇಕು ಎಂದು ಲೆಕ್ಕ ಪರಿಶೋಧಕರೂ ಹೇಳಿದ್ದರು.

ಜಗಳ ಹತ್ತಿದ್ದು ದಿನದ ಲೆಕ್ಕದ 37,500ಕ್ಕೆ. ಅದು ಮುಂದುವರಿದರೆ ತಿಂಗಳಿಗೆ 15,000 ಅಲ್ಲಿಗೇ ಹೋಗಿ ಹೊಸ ಪಟ್ಟಿ ಮೊದಲ ತಿಂಗಳೇ ಮುರಿಯುತ್ತದೆ. ಸುಸ್ತಿದಾರರಿಗೆ ಹೊಸ ಸಾಲ ಕೊಡಲು ಉಪವಿಧಿ ಬಿಡುವುದಿಲ್ಲ. ಹೆಂಡತಿ ಪ್ರತ್ಯೇಕ ಸದಸ್ಯೆ, ಅವರ ಹೆಸರಿನಲ್ಲಿ 40,000 ಆಭರಣ ಸಾಲ, ಶೇ. 12ಕ್ಕೆ, ಒಂದು ವರ್ಷದ ಗಡುವಿಗೆ ಕೊಟ್ಟು ಅದನ್ನು ತೀರಿಸಿದರು. ಇದೂ ಹಿಂಬಾಗಿಲಿನ ನವೀಕರಣವೇ ಎಂದು ಒಬ್ಬ ನಿರ್ದೇಶಕರು ಭಿನ್ನಾಭಿಪ್ರಾಯ ಬರೆಸಿದರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಇಲ್ಲಿ ಶೇ. 80ರ ಸಾಲ ಹೋಗಿ ಶೇ. 12ರದ್ದು ಬಂತು, ಒಡವೆ ಸಂಘದ ಲಾಕರಿನಲ್ಲಿದೆ, ಅಷ್ಟೇ ವ್ಯತ್ಯಾಸ. ಹೆಂಡತಿ ಮನಸಾರೆ ಒಪ್ಪಿದ್ದಾರೆಯೇ ಎಂದು ಗಂಡ ಇಲ್ಲದಾಗ ಒಮ್ಮೆ ಕೇಳಿದರು. ಆ ಒಂದು ಪ್ರಶ್ನೆಗೆ ಐದು ನಿಮಿಷ ಸಾಕು.

ನಂತರ

ಏಪ್ರಿಲ್, ಮೇ ಎರಡೂ ಕಂತು ಬಂದವು, ಪಿಗ್ಮಿಯಲ್ಲಿ 6,000 ಉಳಿಯಿತು. ಮಳೆಗಾಲದ ಬಡ್ಡಿ ತಿಂಗಳಿಗೆ ಸುಮಾರು 3,100. ಜೂನ್, ಜುಲೈ ಹೇಗೋ ಸಾಗಿತು. ಆಗಸ್ಟ್, ಸೆಪ್ಟೆಂಬರ್ ಬಾಕಿ ಉಳಿಯಿತು. ಎರಡೇ ತಿಂಗಳ ಉಳಿತಾಯದಲ್ಲಿ ನಾಲ್ಕು ತಿಂಗಳು ದಾಟಲಾಗದು ಎಂಬುದು ಪಟ್ಟಿ ಬರೆಯುವಾಗಲೇ ಗೊತ್ತಿತ್ತು, ಅದಕ್ಕೆ ನೋಟಿಸ್ ಹೋಗಲಿಲ್ಲ. ಗೊತ್ತಿರದಿದ್ದದ್ದು ಅಕ್ಟೋಬರ್. ಹಿಂಗಾರು ಜೋರಾಗಿ ಭಟ್ಟಿ ಉರಿದದ್ದು 14 ದಿನ. ದಾವಣಗೆರೆ ಸೀಮೆಯಲ್ಲಿ ಅಕ್ಟೋಬರನ್ನು ಒಣ ತಿಂಗಳೆಂದು ಎಣಿಸಿದ್ದೇ ತಪ್ಪು. ಆಗಸ್ಟ್ ಬಾಕಿ 90 ದಿನ ತುಂಬಲು ಒಂದು ವಾರ ಇರುವಾಗ, ನವೆಂಬರ್ ಮೂರನೇ ವಾರ, ಜಮಾ ಆಯಿತು. ಮುಂದಿನ ವರ್ಷದಿಂದ ಅಕ್ಟೋಬರ್‌ಗೆ ಅರ್ಧ ಕಂತು ಎಂದು ತಿದ್ದಿದರು.

ಆಭರಣ ಸಾಲದಲ್ಲಿ ಗಡುವಿಗೆ 25,000 ತೀರಿ ಉಳಿದದ್ದು ಮುಂದುವರಿಯಿತು. ಜಾಮೀನುದಾರರ ಸಾಲ ಎರಡು ತಿಂಗಳಲ್ಲಿ ಸರಿಹೋಯಿತು, ಪಿಗ್ಮಿ ಮತ್ತೆ ಶುರುವಾಯಿತು. ಪಿಗ್ಮಿ ನಿಲ್ಲಿಸಿದ್ದ ನಾಲ್ಕು ಮನೆಗಳಲ್ಲಿ ಎರಡು ವಾಪಸ್ ಬಂದವು, ಎರಡು ಬರಲಿಲ್ಲ.

ಸಂಘದ ಅರ್ಜಿ ನಮೂನೆಯಲ್ಲಿ ಈಗ ಹನ್ನೆರಡು ತಿಂಗಳ ಒಂದು ಕೋಷ್ಟಕ ಸೇರಿದೆ: ಕೆಲಸ ನಡೆಯುವ ದಿನ, ಬರುವ ಹಣ, ಮನೆ ಖರ್ಚು, ಬೇರೆ ಕಂತು. ಹಳೆಯ ಬಾಕಿ ಮುರಿದುಕೊಳ್ಳುವುದಿದ್ದರೆ ‘ಕೈಗೆ ಸಿಗುವ ಮೊತ್ತ’ವನ್ನು ಮಂಜೂರಾತಿ ಪತ್ರದ ಮೊದಲ ಸಾಲಿನಲ್ಲೇ ಬರೆಯುತ್ತಾರೆ. ಒಂದೇ ಕಸುಬಿನ ಇಬ್ಬರು ಪರಸ್ಪರ ಜಾಮೀನು ನಿಲ್ಲುವಂತಿಲ್ಲ. ಒಬ್ಬರಾದರೂ ಮಳೆಗೆ ನಿಲ್ಲದ ದುಡಿಮೆಯವರಿರಬೇಕು. ಈ ಕೊನೆಯ ನಿಯಮ ಕಾಗದದಲ್ಲಿ ಸುಲಭ, ಭಟ್ಟಿ ಸಾಲಿನಲ್ಲಿ ಕಷ್ಟ. ಸಂಬಳದಾರರು ಭಟ್ಟಿಯವರಿಗೆ ಸಹಿ ಹಾಕಲು ಬರುವುದಿಲ್ಲ, ಇದರಿಂದ ಎರಡು ಅರ್ಜಿ ವಾಪಸ್ ಹೋಗಿವೆ.

ಹೊಸ ಪಟ್ಟಿಯ ಎರಡನೇ ವರ್ಷದ ಫೆಬ್ರವರಿಯಲ್ಲಿ, ಬಿಸಿಲು ಚೆನ್ನಾಗಿರುವಾಗಲೇ, ಒಂದು ಕಂತು ತಪ್ಪಿತು. ಗುಮಾಸ್ತ ಗಾಬರಿಯಾಗಿ ಭಟ್ಟಿಗೆ ಓಡಿದರೆ ಒಲೆ ಆರಿತ್ತು, ಮನೆ ತುಂಬ ನೆಂಟರು. ದುಗ್ಗಮ್ಮನ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ ದಾವಣಗೆರೆಯವರಿಗೆ ಗೊತ್ತಿರದ ವಿಷಯವೇನಲ್ಲ, ಕೋಷ್ಟಕ ಬರೆದವರೂ ಇದೇ ಊರಿನವರು. ಆ ಕಂತು ಮಾರ್ಚ್, ಏಪ್ರಿಲ್‌ನಲ್ಲಿ ಹಂಚಿ ಬಂತು. ಕೋಷ್ಟಕದ ಬದಿಯಲ್ಲಿ ಈಗ ಪೆನ್ಸಿಲಿನಲ್ಲಿ ‘ಜಾತ್ರೆ ವರ್ಷ’ ಎಂದು ಬರೆದಿದೆ.